ರೊಟ್ಟಿ ಒಯ್ಯುವ ಓಮ್ನಿಯೊಳಗಿನ ಹಳೇ ಗಮ್: ಯಾವುದು ಬಿಡಿಸಿತು, ಯಾವುದು ಕೆಡಿಸಿತು

ಗಾಡಿಯೊಳಗಿನ ತಗಡಿಗೆ ಅಂಟಿದ ಹಳೇ ಸ್ಟಿಕ್ಕರ್ ಗಮ್ ತೆಗೆಯಬೇಕೆಂದು ಯಾರಾದರೂ ಕೇಳಿದರೆ ನಾನು ಈಗ ಮೂರು ಹೆಸರು ಹೇಳುತ್ತೇನೆ. ಅಡುಗೆಮನೆಯ ಶೇಂಗಾ ಎಣ್ಣೆ, ಔಷಧಿ ಅಂಗಡಿಯ ನೀಲಗಿರಿ ಎಣ್ಣೆ, ಮತ್ತೆ ನಮ್ಮೂರಿನ ಒಬ್ಬ ಕುಶನ್ ಕೆಲಸದ ಚಾಚಾ. ಇವು ಮೂರೂ ಗೊತ್ತಾಗುವ ಮೊದಲು ನನ್ನ ಒಂದು ಬಾಗಿಲಿನ ಬಣ್ಣ ಹೋಯಿತು, 150 ರೊಟ್ಟಿ ವಾಪಸ್ ಬಂದವು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಕೊಪ್ಪಳದಲ್ಲಿ ಮನೆಯಿಂದಲೇ ಖಡಕ್ ಜೋಳದ ರೊಟ್ಟಿ ಮಾಡಿ ಮಾರುತ್ತೇನೆ. ಜೊತೆಗೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ. ನಮ್ಮ ಓಣಿಯ ನಾಲ್ವರು ಹೆಣ್ಣುಮಕ್ಕಳು ನನ್ನ ಜೊತೆ ರೊಟ್ಟಿ ಬಡಿಯುತ್ತಾರೆ. ಹೊಸಪೇಟೆ, ಗಂಗಾವತಿ, ಕುಷ್ಟಗಿಯ ಖಾನಾವಳಿಗಳಿಗೆ ಕೊಡುತ್ತೇವೆ. ಮೊದಲು ಬಸ್ಸಿಗೆ ಹಾಕಿ ಕಳಿಸುತ್ತಿದ್ದೆ. ಅರ್ಧ ಮುರಿದು ಹೋಗುತ್ತಿದ್ದವು. ಹೋದ ದೀಪಾವಳಿ ಆದಮೇಲೆ ಕುಷ್ಟಗಿ ಕಡೆಯವರೊಬ್ಬರಿಂದ ಹಳೇ ಮಾರುತಿ ಓಮ್ನಿ ತೆಗೆದುಕೊಂಡೆ. 2011ರ ಮಾಡೆಲ್, ಬಿಳಿ ಬಣ್ಣ. ಕಂಪನಿ ಓಮ್ನಿ ಮಾಡುವುದನ್ನು 2019ರಲ್ಲೇ ನಿಲ್ಲಿಸಿದೆ, ಹಾಗಾಗಿ ಈಗ ಸಿಗುವುದೆಲ್ಲ ಹಳೇದೇ. ಇಂಜಿನ್ ಚೆನ್ನಾಗಿತ್ತು, ಟೈರ್ ಚೆನ್ನಾಗಿದ್ದವು. ಒಳಗೆ ನೋಡಿದಾಗ ಮಾತ್ರ ಎದೆ ಧಸಕ್ಕೆಂದಿತು.

ಅದು ಎಂಟು ವರ್ಷ ಶಾಲೆ ಮಕ್ಕಳನ್ನು ಒಯ್ದ ಗಾಡಿ. ಓಮ್ನಿಯಲ್ಲಿ ಪ್ಲಾಸ್ಟಿಕ್ ಕಡಿಮೆ ಅಲ್ವಾ, ಬಾಗಿಲ ಒಳಮೈ, ಕಿಟಕಿ ಕಂಬ, ಹಿಂದಿನ ಬಾಗಿಲು ಎಲ್ಲ ಬಣ್ಣ ಹೊಡೆದ ಬರೀ ತಗಡು. ಮಕ್ಕಳಿಗೆ ಅದೇ ಗೋಡೆ. ನೋಟ್‌ಬುಕ್ಕಿನ ಹೆಸರು ಚೀಟಿ, ಕಾರ್ಟೂನ್ ಸ್ಟಿಕ್ಕರ್, ಟೀಚರ್ ಕೊಟ್ಟ ಬಂಗಾರ ಬಣ್ಣದ ನಕ್ಷತ್ರ, ಬಬಲ್ ಗಮ್ ಜೊತೆ ಬರುವ ಚಿತ್ರ, ಎಲ್ಲ ಅಂಟಿಸಿದ್ದರು. ಮೇಲಿನ ಕಾಗದ ಹರಿದು ಎಷ್ಟೋ ಕಾಲವಾಗಿತ್ತು. ಉಳಿದದ್ದು ಗಮ್. ಆ ಗಮ್ಮಿನ ಮೇಲೆ ಗಿಣಿಗೇರಿ ಕಡೆಯ ಕಾರ್ಖಾನೆ ಧೂಳು ಕೂತು ಕಪ್ಪು ಕಪ್ಪು ಚೌಕಗಳಾಗಿದ್ದವು. ಮುಟ್ಟಿದರೆ ಕೈಗೆ ಹತ್ತುತ್ತಿತ್ತು. ಹೊಸಪೇಟೆಯ ಒಂದು ಹಾಸ್ಟೆಲ್ಲಿಗೆ ಮೊದಲ ಸಲ ರೊಟ್ಟಿ ಒಯ್ದಾಗ ಅಲ್ಲಿಯ ವಾರ್ಡನ್ ಮೇಡಂ ಹಿಂದಿನ ಬಾಗಿಲು ತೆಗೆದು ನೋಡಿದರು. ಏನೂ ಅನ್ನಲಿಲ್ಲ. ರೊಟ್ಟಿ ಬುಟ್ಟಿಯ ಬಟ್ಟೆ ಸರಿಸಿ ಒಂದು ರೊಟ್ಟಿ ತೆಗೆದು ಬೆಳಕಿಗೆ ಹಿಡಿದು ನೋಡಿದರು, ಅಷ್ಟೇ. ನನಗೆ ಅಷ್ಟು ಸಾಕಾಯಿತು.

ಜನವರಿಯಲ್ಲಿ ನಮ್ಮೂರಿನ ಗವಿಮಠದ ಜಾತ್ರೆ. ಮಹಾದಾಸೋಹಕ್ಕೆ ಸುತ್ತಲ ಹಳ್ಳಿಗಳಿಂದ ಲಕ್ಷಗಟ್ಟಲೆ ರೊಟ್ಟಿ ಬರುವುದು ನಮ್ಮ ಕಡೆಯವರಿಗೆಲ್ಲ ಗೊತ್ತು. ನಮ್ಮ ಓಣಿಯ ರೊಟ್ಟಿಯೂ ಹೋಗುತ್ತದೆ. ಈ ಸಲ ಅದನ್ನು ಈ ಗಾಡಿಯಲ್ಲೇ ಒಯ್ಯಬೇಕೆಂದು ಆಸೆ. ಗವಿಮಠದ ಅಜ್ಜನ ದಾಸೋಹಕ್ಕೆ ಹೋಗುವ ರೊಟ್ಟಿ ಇಂಥ ಗಾಡಿಯಲ್ಲಿ ಹೋಗಬಾರದು. ಗಾಡಿ ಶುದ್ಧ ಮಾಡಲು ನನಗೆ ಒಂದೂವರೆ ತಿಂಗಳು ಇತ್ತು.

ಮೊದಲ ಪೆಟ್ಟು ಚಿಮಣಿ ಎಣ್ಣೆಯದು, ಅಂದರೆ ಸೀಮೆಎಣ್ಣೆಯದು. ನನ್ನ ತಮ್ಮ ಅರ್ಧ ಲೀಟರ್ ತಂದು ಒಂದು ಸಂಜೆಯಲ್ಲಿ ಒಂದು ಪಕ್ಕದ ಬಾಗಿಲು ಪೂರ್ತಿ ಒರೆಸಿಬಿಟ್ಟ. ಗಮ್ ಹೋಯಿತು, ಅದು ನಿಜ. ಸೋಪಿನ ನೀರಿನಲ್ಲಿ ಎರಡು ಸಲ ತೊಳೆದೆವು. ನಮ್ಮ ಮೂಗಿಗೆ ವಾಸನೆ ಹೋದಂತೆಯೇ ಇತ್ತು. ಮರುದಿನ 50ರ ಮೂರು ಕಟ್ಟು ರೊಟ್ಟಿ ಹೊಸಪೇಟೆಗೆ ಒಯ್ದೆ. ಸಂಜೆಗೆ ಖಾನಾವಳಿಯಿಂದ ಫೋನು. "ಅಕ್ಕಾರ, ರೊಟ್ಟಿ ಚಿಮಣಿ ಎಣ್ಣಿ ವಾಸ್ನಿ ಹೊಡಿಯಾಕ ಹತ್ತ್ಯಾವ್ರಿ." ಖಡಕ್ ರೊಟ್ಟಿ ಒಣಗಿದ್ದು. ಮುಚ್ಚಿದ ಗಾಡಿಯಲ್ಲಿ ಏನು ವಾಸನೆ ಇದ್ದರೂ ಹೀರಿಕೊಳ್ಳುತ್ತದೆ. ಚಿಮಣಿ ಎಣ್ಣೆ ಪೂರ್ತಿ ಆರುವುದಿಲ್ಲ, ಸಂದಿಯಲ್ಲಿ, ಬಾಗಿಲ ಅಂಚಿನ ರಬ್ಬರ್ ಪಟ್ಟಿಯ, ಅಂದರೆ ಬೀಡಿಂಗಿನ ಕೆಳಗೆ ಜಿಡ್ಡಾಗಿ ಉಳಿದು ದಿನಗಟ್ಟಲೆ ವಾಸನೆ ಬಿಡುತ್ತದೆ. 150 ರೊಟ್ಟಿಯನ್ನೂ ವಾಪಸ್ ತಂದೆ. ಬಡಿದ ಹೆಣ್ಣುಮಕ್ಕಳಿಗೆ ಆ ದಿನದ ಕೂಲಿ ಕೊಟ್ಟೆ. ಅವರ ಮುಖ ನೋಡುವುದೇ ಕಷ್ಟವಾಯಿತು.

ಎರಡನೇ ಪೆಟ್ಟು ಇನ್ನೂ ದೊಡ್ಡದು. ಒಂದು ಪೇಂಟಿಂಗ್ ಶೆಡ್ಡಿನಲ್ಲಿ ಕೇಳಿದೆ. ಅಲ್ಲಿಯ ಹುಡುಗ "ಎರಡ ನಿಮಿಷದ ಕೆಲಸ ಅಕ್ಕಾ" ಎಂದು ಬಣ್ಣ ತೆಳು ಮಾಡುವ ಥಿನ್ನರ್ ಅದ್ದಿದ ಬಟ್ಟೆ ಹಿಡಿದು ಎಡಗಡೆಯ ಸರಿಯುವ ಬಾಗಿಲನ್ನು ಉಜ್ಜಿದ. ಗಮ್ಮಿನ ಜೊತೆ ಬಣ್ಣವೂ ಬಟ್ಟೆಗೆ ಬಂತು. ಅಂಗೈಯಗಲ ಜಾಗದಲ್ಲಿ ಒಳಗಿನ ಬೂದು ಪ್ರೈಮರ್ ಕಂಡಿತು. ಒಂದು ಕಡೆ ತಗಡೇ ಹೊಳೆಯಿತು. ಕಾರಣ ಆಮೇಲೆ ಚಾಚಾ ಹೇಳಿದರು. ಕಂಪನಿಯಲ್ಲಿ ಹೊಡೆದ ಬಣ್ಣವನ್ನು ಬಿಸಿ ಭಟ್ಟಿಯಲ್ಲಿ ಒಣಗಿಸಿರುತ್ತಾರೆ, ಅದು ಗಟ್ಟಿ. ಆ ಬಾಗಿಲಿಗೆ ಹಳೇ ಮಾಲೀಕರು ಇಲ್ಲೇ ಎಲ್ಲೋ ಮತ್ತೆ ಬಣ್ಣ ಹೊಡೆಸಿದ್ದರು. ಗಾಳಿಗೆ ಒಣಗಿದ ಅಂಥ ಬಣ್ಣ ಥಿನ್ನರಿಗೆ ಕರಗುತ್ತದೆ. ಸೆಕೆಂಡ್ ಹ್ಯಾಂಡ್ ಗಾಡಿಯಲ್ಲಿ ಯಾವ ಬಾಗಿಲು ಕಂಪನಿ ಬಣ್ಣದ್ದು, ಯಾವುದು ಆಮೇಲಿನದು ಎಂದು ನಮಗೆ ತಿಳಿಯುವುದಿಲ್ಲ. ಅದಕ್ಕೇ ಏನೇ ಹಚ್ಚುವುದಿದ್ದರೂ ಮೊದಲು ಸೀಟಿನ ಕೆಳಗೆ, ಕಣ್ಣಿಗೆ ಬೀಳದ ಕಡೆ, ರೂಪಾಯಿಯಗಲ ಹಚ್ಚಿ ನೋಡಿ. ಬಿಳಿ ಬಟ್ಟೆಯಲ್ಲಿ ಒರೆಸಿ. ಬಟ್ಟೆಗೆ ಬಣ್ಣ ಹತ್ತಿದರೆ ಅಲ್ಲಿಗೇ ನಿಲ್ಲಿಸಿ. ಆ ಐದು ನಿಮಿಷ ನಾನು ಕೊಟ್ಟಿದ್ದರೆ ಬಾಗಿಲು ಉಳಿಯುತ್ತಿತ್ತು.

ಇದಾದಮೇಲೆ ನಾನೇ ಕೂತು ಯೋಚನೆ ಮಾಡಿದೆ. ಬಿಸಿನೀರು, ಸೋಪು ಹಾಕಿದರೆ ಕಾಗದ ನೆನೆದು ಬರುತ್ತಿತ್ತು, ಗಮ್ ಹಾಗೇ ಕೂತಿರುತ್ತಿತ್ತು. ಇಲ್ಲೇ ಹತ್ತಿರದ ಕಿನ್ನಾಳದಲ್ಲಿ ಗೊಂಬೆ ಮಾಡುವವರು ಹುಣಸೆ ಬೀಜದ ಅಂಟು ಬಳಸುತ್ತಾರೆ. ಚಿಕ್ಕವರಿದ್ದಾಗ ನಾವು ಗೋಡೆಗೆ ಕಾಗದ ಅಂಟಿಸಿದ್ದು ಮೈದಾ ಗಂಜಿಯಲ್ಲಿ. ಅವೆಲ್ಲ ನೀರಿಗೆ ಸೇರಿದ ಅಂಟು, ನೆನೆಸಿದರೆ ಬಿಡುತ್ತವೆ. ಸ್ಟಿಕ್ಕರ್ ಗಮ್ ಹಾಗಲ್ಲ. ಅದಕ್ಕೆ ನೀರು ಹಿಡಿಸುವುದಿಲ್ಲ, ಎಣ್ಣೆ ಹಿಡಿಸುತ್ತದೆ. ಮಗಳ ಕೂದಲಿಗೆ ಬಬಲ್ ಗಮ್ ಹತ್ತಿದಾಗ ಎಣ್ಣೆ ಹಚ್ಚಿಯೇ ಬಿಡಿಸಿದ್ದೆ. ಆ ನೆನಪು ಬಂದು ಶೇಂಗಾ ಎಣ್ಣೆ ಡಬ್ಬಿ ಹಿಡಿದುಕೊಂಡು ಗಾಡಿಗೆ ಹೋದೆ.

ಎರಡು ಚಮಚ ಶೇಂಗಾ ಎಣ್ಣೆಗೆ ಎರಡು ಚಮಚ ಅಡುಗೆ ಸೋಡಾ. ಚಟ್ನಿಯ ಹದಕ್ಕೆ ಕಲಸಿ ಗಮ್ಮಿನ ಮೇಲೆ ದಪ್ಪಗೆ ಹಚ್ಚಿದೆ. ಅರ್ಧ ಗಂಟೆ ಬಿಟ್ಟೆ. ಆಮೇಲೆ ಬೆರಳಲ್ಲಿ ಸುತ್ತು ಸುತ್ತಾಗಿ ಉಜ್ಜಿದರೆ ಗಮ್ ಸಣ್ಣ ಸಣ್ಣ ಕಪ್ಪು ಎಳೆಗಳಾಗಿ ಬಂತು. ಎಣ್ಣೆ ಗಮ್ಮನ್ನು ಮೆತ್ತಗೆ ಮಾಡುತ್ತದೆ, ಸೋಡಾ ನಯವಾಗಿ ಕೆರೆಯುತ್ತದೆ. ಬಣ್ಣಕ್ಕೆ ಏನೂ ಆಗಲಿಲ್ಲ. ಹೋದದ್ದು ಗೆರೆ ಬೀಳದ ಹಾಗೆ ಹೋಯಿತು. ನೋಟ್‌ಬುಕ್ ಚೀಟಿ, ನಕ್ಷತ್ರ, ಇತ್ತೀಚಿನ ಸ್ಟಿಕ್ಕರ್, ಇವೆಲ್ಲ ಇದರಲ್ಲೇ ಮುಗಿದವು. ಗಾಡಿಯ ಅರ್ಧಕ್ಕಿಂತ ಜಾಸ್ತಿ ಕೆಲಸ ಇದೇ ಮಾಡಿತು. ರೊಟ್ಟಿ ಒಯ್ಯುವ ಗಾಡಿಯಲ್ಲಿ ಇದಕ್ಕಿಂತ ನೆಮ್ಮದಿಯ ಸಾಮಾನು ಇಲ್ಲ, ಏಕೆಂದರೆ ಎರಡೂ ನಾವು ತಿನ್ನುವಂಥವೇ. 5ಕ್ಕೆ 4 ಕೊಡುತ್ತೇನೆ. ಒಂದು ಕಡಿಮೆ ಏಕೆಂದರೆ ನಿಧಾನ. ಇನ್ನೊಂದು ಎಚ್ಚರವೂ ಇದೆ. ಶೇಂಗಾ ಎಣ್ಣೆ ಆರಿಹೋಗುವುದಿಲ್ಲ. ತೊಳೆಯದೆ ಬಿಟ್ಟರೆ ಅದೇ ಜಿಡ್ಡಾಗಿ ಧೂಳು ಹಿಡಿದು ಕಮಟು ವಾಸನೆ ಬರುತ್ತದೆ. ಪಾತ್ರೆ ಸೋಪಿನ ಬಿಸಿನೀರಲ್ಲಿ ಅದೇ ದಿನ ಒರೆಸಬೇಕು.

ಬಿಸಿಲನ್ನೂ ಬಳಸಿಕೊಂಡೆ. ಚಳಿಗಾಲದ ಬೆಳಿಗ್ಗೆ ಗಮ್ ಕಲ್ಲಿನಂತಿರುತ್ತದೆ. ಮಧ್ಯಾಹ್ನ ಗಾಜು ಏರಿಸಿ ಎರಡು ತಾಸು ಬಿಸಿಲಿಗೆ ನಿಲ್ಲಿಸಿದರೆ ಪ್ಲಾಸ್ಟಿಕ್ ಸ್ಟಿಕ್ಕರ್‌ಗಳು ಮೆತ್ತಗಾಗಿ ಮೂಲೆ ಎತ್ತಿದರೆ ಬರುತ್ತವೆ. ಮೇಲಕ್ಕೆ ಜಗ್ಗಬಾರದು. ತಗಡಿಗೆ ಒರಗಿಸಿದ ಹಾಗೆ ಹಿಂದಕ್ಕೆ ಮಡಚಿ ನಿಧಾನವಾಗಿ ಎಳೆದರೆ ಗಮ್ಮೂ ಜೊತೆಗೆ ಬರುತ್ತದೆ. ನೆರಳಿನಲ್ಲಿದ್ದ ಕಂಬಕ್ಕೆ ಮಗಳ ಹೇರ್ ಡ್ರೈಯರ್ ಹಿಡಿದೆ. ಕೆರೆಯಲು ಹಳೇ ಎಟಿಎಂ ಕಾರ್ಡ್. ಬ್ಲೇಡ್, ಚಾಕು, ಪಾತ್ರೆ ತಿಕ್ಕುವ ಸ್ಟೀಲ್ ಜಾಳಿಗೆ ಯಾವುದನ್ನೂ ಮುಟ್ಟಿಸಬೇಡಿ. ಬಣ್ಣದಲ್ಲಿ ಒಂದು ಗೆರೆ ಬಿದ್ದರೂ ಮಳೆಗಾಲದಲ್ಲಿ ಅಲ್ಲಿಂದಲೇ ತುಕ್ಕು ಶುರುವಾಗುತ್ತದೆ.

ಶೇಂಗಾ ಎಣ್ಣೆ ಸೋತದ್ದು ಕಿಟಕಿ ಪಕ್ಕದ ಗಮ್ಮಿನ ಮುಂದೆ. ಎಂಟು ವರ್ಷ ಬಿಸಿಲು ತಿಂದು ಹಳದಿಯಾಗಿ, ಗಾಜಿನಂತೆ ಬಿರುಕು ಬಿಟ್ಟಿತ್ತು. ಅಲ್ಲಿಗೆ ನೀಲಗಿರಿ ಎಣ್ಣೆ. ಔಷಧಿ ಅಂಗಡಿಯಲ್ಲಿ 100 ಎಂಎಲ್ ಬಾಟಲಿಗೆ ₹180 ಕೊಟ್ಟೆ. ನೆಗಡಿಗೆ ಬಿಸಿನೀರಿಗೆ ಹಾಕಿ ಹಬೆ ತೆಗೆದುಕೊಳ್ಳುವ ಅದೇ ಎಣ್ಣೆ. ಹೆಸರು ಎಣ್ಣೆ ಆದರೂ ಶೇಂಗಾ ಎಣ್ಣೆಯ ಹಾಗಲ್ಲ. ನೀಲಗಿರಿ ಎಲೆಯನ್ನು ಹಬೆಯಲ್ಲಿ ಬೇಯಿಸಿ ಭಟ್ಟಿ ಇಳಿಸಿದ್ದು, ತೆಳ್ಳಗೆ, ಗಾಳಿಗೆ ಆರಿಹೋಗುತ್ತದೆ. ಜಿಡ್ಡು ಉಳಿಯುವುದಿಲ್ಲ. ನನಗೆ ಬೇಕಾಗಿದ್ದು ಇದೇ ಗುಣ. ವಾಸನೆ ಜೋರು, ಆದರೆ ಹೋಗುವ ವಾಸನೆ.

ಸುಮ್ನೆ ಸುರಿದರೆ ಗಮ್ಮಿಗೆ ಇಳಿಯುವ ಮೊದಲೇ ಆರಿಬಿಡುತ್ತದೆ. ಮೊದಲ ಸಲ ಕಾಲು ಬಾಟಲಿ ಹಾಗೇ ಹಾಳಾಯಿತು. ಆಮೇಲೆ ಹಳೇ ಬನಿಯನ್ ತುಂಡನ್ನು ಎಣ್ಣೆಯಲ್ಲಿ ಅದ್ದಿ ಗಮ್ಮಿನ ಮೇಲೆ ಒತ್ತಿ ಇಟ್ಟೆ. ಅದರ ಮೇಲೆ ಹಾಲಿನ ಪಾಕೀಟು ಕತ್ತರಿಸಿ ಮುಚ್ಚಿ ಸುತ್ತಲೂ ಕಾಗದದ ಟೇಪ್ ಹಚ್ಚಿದೆ. ಇಪ್ಪತ್ತು ನಿಮಿಷ. ತೆಗೆದಾಗ ಹಳದಿ ಗಮ್ ಬೆಲ್ಲದ ಪಾಕದಂತಾಗಿತ್ತು. ಎಟಿಎಂ ಕಾರ್ಡಿನಲ್ಲಿ ಒಂದೇ ಎಳೆತಕ್ಕೆ ಬಂತು. ನಿಜ ಹೇಳುತ್ತೇನೆ, ಆ ಬಿಳಿ ತಗಡು ಕಂಡಾಗ ಕಣ್ಣು ತುಂಬಿತು. ಗಾಡಿ ತಂದಾಗಿನಿಂದ ಅಲ್ಲಿ ಬಿಳಿ ಬಣ್ಣ ಇದೆ ಎಂಬುದನ್ನೇ ನಾನು ನೋಡಿರಲಿಲ್ಲ. ಎರಡು ಬಾಟಲಿಯಲ್ಲಿ ಎಲ್ಲ ಕಿಟಕಿ ಕಂಬಗಳೂ ಆದವು.

ಇದಕ್ಕೆ 5ಕ್ಕೆ 5 ಕೊಡುತ್ತೇನೆ, ಆದರೆ ಮೂರು ಮಾತು ನೆನಪಿಟ್ಟುಕೊಂಡು ಬಳಸಿ. ಒಂದು, ಪ್ಲಾಸ್ಟಿಕ್ಕಿಗೂ ರಬ್ಬರ್ ಬೀಡಿಂಗಿಗೂ ತಾಗಿಸಬೇಡಿ. ಕೆಲವು ಪ್ಲಾಸ್ಟಿಕ್ ಇದಕ್ಕೆ ಮೆತ್ತಗಾಗುತ್ತದೆ, ರಬ್ಬರ್ ಉಬ್ಬುತ್ತದೆ. ನಾನು ಬೀಡಿಂಗಿನ ಮೇಲೆ ಮೊದಲೇ ಟೇಪ್ ಹಚ್ಚಿದ್ದೆ. ಎರಡು, ಇದಕ್ಕೆ ಬೆಂಕಿ ಬೇಗ ಹತ್ತುತ್ತದೆ. ಸುಮಾರು 50 ಡಿಗ್ರಿ ಬಿಸಿಗೇ ಇದರ ಆವಿ ಕಿಡಿ ಹಿಡಿಯುತ್ತದೆ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಮುಚ್ಚಿದ ಗಾಡಿಯೊಳಗೆ ಅಷ್ಟು ಬಿಸಿ ಏರುವುದು ದೊಡ್ಡ ಮಾತಲ್ಲ. ಬಿಸಿಲಿನಲ್ಲಿ ಸ್ಟಿಕ್ಕರ್ ಎಳೆಯುವ ಕೆಲಸ ಬೇರೆ, ನೀಲಗಿರಿ ಎಣ್ಣೆಯ ಕೆಲಸ ಬೇರೆ. ಎಣ್ಣೆ ಹಿಡಿದ ದಿನ ನೆರಳಿರಬೇಕು, ನಾಲ್ಕೂ ಬಾಗಿಲು ತೆರೆದಿರಬೇಕು, ಹೇರ್ ಡ್ರೈಯರ್ ಹತ್ತಿರ ಸುಳಿಯಬಾರದು. ಮೂರು, ಮಕ್ಕಳ ಕೈಗೆ ಬಾಟಲಿ ಸಿಗಬಾರದು. ಹೊಟ್ಟೆಗೆ ಹೋದರೆ ವಿಷ.

ಪೆಟ್ರೋಲ್ ಬಗ್ಗೆ ಇಬ್ಬರು ಹೇಳಿದರು. ನಾನು ಮಾಡಲಿಲ್ಲ, ನೀವೂ ಮಾಡಬೇಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಗಾಡಿಯ ನೆಲದಲ್ಲೇ ಕೂತಿರುತ್ತದೆ. ಓಮ್ನಿಯ ಇಂಜಿನ್ ಇರುವುದೇ ಮುಂದಿನ ಸೀಟಿನ ಕೆಳಗೆ. ಒಂದು ಕಿಡಿ ಸಾಕು.

ಬಿಗಿದ ಬೋಲ್ಟ್ ಬಿಡಿಸುವ ಒಂದು ಸ್ಪ್ರೇಯನ್ನೂ ತಂದೆ. ಅದು ಶೇಂಗಾ ಎಣ್ಣೆಗಿಂತ ಬೇಗ ಕೆಲಸ ಮಾಡಿತು, ನೀಲಗಿರಿಗಿಂತ ನಿಧಾನ. ಜಿಡ್ಡು ಉಳಿಯಿತು, ವಾಸನೆ ಐದು ದಿನ ಹೋಗಲಿಲ್ಲ. ಮನೆ ಬಳಕೆಯ ಕಾರಿಗೆ ತೊಂದರೆಯಿಲ್ಲ. ತಿನ್ನುವ ಸಾಮಾನು ಒಯ್ಯುವವರು ಬಿಟ್ಟುಬಿಡಿ.

ಹಿಂದಿನ ಬಾಗಿಲ ಮೇಲೆ ಡಬಲ್ ಟೇಪಿನಲ್ಲಿ ಹಚ್ಚಿದ ಕೊಂಡಿಗಳು ಎಂಟಿದ್ದವು, ಮಕ್ಕಳ ನೀರಿನ ಬಾಟಲಿ ತೂಗುಹಾಕಲು. ಆ ಟೇಪಿನ ನಡುವೆ ಸ್ಪಂಜು ಇರುತ್ತದೆ. ಎಣ್ಣೆ ಒಳಗೆ ಇಳಿಯುವುದಿಲ್ಲ. ಮುನಿರಾಬಾದಿನಲ್ಲಿ ಡ್ಯಾಮ್ ಹತ್ತಿರ ನಮ್ಮ ಸಂಬಂಧಿಕರಿದ್ದಾರೆ, ಅವರ ಮನೆಯಿಂದ ಮೀನಿನ ಗಾಳದ ನೈಲಾನ್ ದಾರ ತಂದೆ. ಎರಡೂ ಕೈಗೆ ಸುತ್ತಿಕೊಂಡು ಗರಗಸದಂತೆ ಆಚೆ ಈಚೆ ಎಳೆದರೆ ಸ್ಪಂಜು ಕೊಯ್ದು ಕೊಂಡಿ ಕೈಗೆ ಬರುತ್ತದೆ. ಉಳಿದ ಗಮ್ಮಿಗೆ ಮತ್ತೆ ಬನಿಯನ್ ತುಂಡು, ನೀಲಗಿರಿ. ಕೈಗೆ ಬಟ್ಟೆ ಸುತ್ತಿಕೊಳ್ಳಿ, ದಾರ ಚರ್ಮ ಕೊಯ್ಯುತ್ತದೆ.

ಇಷ್ಟಾದರೂ ಒಂದು ಜಾಗ ನನ್ನ ಕೈಗೆ ಬಗ್ಗಲಿಲ್ಲ. ಹಿಂದಿನ ಚಕ್ರಗಳ ಮೇಲಿನ ಉಬ್ಬು. ಮಕ್ಕಳು ಅದರ ಮೇಲೆ ಕೂರಲಿ ಎಂದು ಸ್ಪಂಜು, ರೆಕ್ಸಿನ್ ಅಂಟಿಸಿದ್ದರು. ರೆಕ್ಸಿನ್ ಕಿತ್ತರೆ ಕೆಳಗೆ ಕಂದು ಬಣ್ಣದ, ಆನೆ ಚರ್ಮದಂಥ ಪದರ. ಶೇಂಗಾ ಎಣ್ಣೆ ಹಚ್ಚಿದರೆ ಮೇಲೆ ಹೊಳೆಯಿತು ಅಷ್ಟೇ. ನೀಲಗಿರಿ ಹಚ್ಚಿದರೆ ಚೂಯಿಂಗ್ ಗಮ್ಮಿನಂತೆ ಎಳೆ ಎಳೆಯಾಗಿ ಎಲ್ಲ ಕಡೆ ಹರಡಿತು.

ಹೊಸಪೇಟೆ ರಸ್ತೆಯ ಕಡೆ ಒಂದು ಸಣ್ಣ ಕುಶನ್ ಅಂಗಡಿ ಇದೆ. ಲಾರಿ ಸೀಟು, ಆಟೋ ಹುಡ್ಡು, ಬೈಕ್ ಸೀಟು ಹೊಲಿಯುತ್ತಾರೆ. ಬೋರ್ಡೂ ಇಲ್ಲ. ಅಂಗಡಿಯ ಚಾಚಾಗೆ ಎಪ್ಪತ್ತರ ಹತ್ತಿರ ಇರಬಹುದು. ಅವರು ಉಗುರಿನಿಂದ ಒಂದು ಚೂರು ಕಿತ್ತು ಬೆರಳ ನಡುವೆ ಹೊಸೆದು ನೋಡಿದರು. "ಯವ್ವಾ, ಇದು ಸ್ಟಿಕ್ಕರ್ ಗಮ್ ಅಲ್ಲ. ರಬ್ಬರ್ ಸೊಲ್ಯೂಷನ್. ಎಷ್ಟು ಎಣ್ಣಿ ಹಾಕಿದ್ರೂ ರಾಡಿ ಆಕ್ಕೈತಿ. ಇದನ್ನ ರಬ್ಬರಿನಿಂದನ ತಗೀಬೇಕು" ಎಂದರು. ಸೊಲ್ಯೂಷನ್ ಎಂದರೆ ರೆಕ್ಸಿನ್ ಅಂಟಿಸುವ ರಬ್ಬರಿನ ಅಂಟು. ನಾನು ರೊಟ್ಟಿ ಗಾಡಿ ಎಂದೆ, ವಾಸನೆಯ ಕಥೆ ಎಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಹಂಗಾದ್ರ ನಾಳೆ ಮುಂಜಾನೆ ಬಾ, ಅವಸರ ಮಾಡಬ್ಯಾಡ" ಎಂದರು.

ಮರುದಿನ ಅವರು ಮಾಡಿದ್ದನ್ನು ನಾನು ಪೂರ್ತಿ ನಿಂತು ನೋಡಿದೆ. ಬಿಸಿಗಾಳಿ ಗನ್ನನ್ನು ಒಂದು ಮೊಳ ದೂರದಿಂದ ಆಡಿಸಿ ಪದರವನ್ನು ಬೆಚ್ಚಗೆ ಮಾಡಿದರು. ಆಗಾಗ ಕೈ ಇಟ್ಟು ನೋಡುತ್ತಿದ್ದರು. ಕೈ ಸುಡುವಷ್ಟು ಬಿಸಿಯಾದರೆ ಬಣ್ಣಕ್ಕೂ ಪೆಟ್ಟು ಎಂದರು. ಹಳೇ ಬಕೆಟ್ಟಿನ ತುಂಡನ್ನು ಉಳಿಯಂತೆ ಚೂಪು ಮಾಡಿಕೊಂಡಿದ್ದರು, ಅದರಿಂದ ದಪ್ಪ ಪದರ ಎತ್ತಿದರು. ಆಮೇಲೆ ಡಬ್ಬಿಯೊಂದರಿಂದ ನಿಂಬೆಹಣ್ಣಿನಷ್ಟು ದೊಡ್ಡ ಕಂದು ಉಂಡೆ ತೆಗೆದರು. ವರ್ಷಗಟ್ಟಲೆ ಬೇರೆ ಬೇರೆ ಸೀಟುಗಳಿಂದ ಕಿತ್ತ ಒಣ ಸೊಲ್ಯೂಷನ್ನಿನದೇ ಉಂಡೆ. ಅದನ್ನು ತಗಡಿನ ಮೇಲೆ ಒತ್ತಿ ಉರುಳಿಸಿದರೆ ಉಳಿದ ಸೊಲ್ಯೂಷನ್ ಅದಕ್ಕೆ ಹತ್ತಿ ಬರುತ್ತದೆ. ಕಾಗದದ ಮೇಲೆ ರಬ್ಬರ್ ಉಜ್ಜಿದ ಹಾಗೆ ಕಾಣುತ್ತಿತ್ತು. ಒಂದು ಉಬ್ಬು ಮುಗಿಯಲು ಎರಡು ತಾಸು. ಕೊನೆಗೆ ಕಂದು ಕಲೆಗೆ ಮಾತ್ರ ಬಟ್ಟೆಯ ತುದಿಯಲ್ಲಿ ಟರ್ಪೆಂಟೈನ್, ಅದೂ ಕೆಳಗೆ ಒಂದು ಕಡೆ ಒರೆಸಿ ಬಣ್ಣ ಬರುವುದಿಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆ. ತಕ್ಷಣ ಸೋಪು ನೀರಲ್ಲಿ ಮೂರು ಸಲ ಒರೆಸಿ, ಗಾಡಿಯನ್ನು ಬೇವಿನ ಮರದ ಕೆಳಗೆ ಬಾಗಿಲು ತೆಗೆದು ನಿಲ್ಲಿಸಿದರು.

ಮುಂಜಾನೆ ಹತ್ತಕ್ಕೆ ಹಿಡಿದ ಕೆಲಸ ಮೂರೂವರೆಗೆ ಮುಗಿಯಿತು. ತೆಗೆದುಕೊಂಡದ್ದು ₹450. ಜೊತೆಗೆ ಥಿನ್ನರ್ ಹಚ್ಚಿ ಕೆಟ್ಟ ಬಾಗಿಲಿಗೆ ಸಣ್ಣ ಬ್ರಷ್ಷಿನಲ್ಲಿ ಪ್ರೈಮರ್ ಹಚ್ಚಿಕೊಟ್ಟರು, ತಗಡು ಬರಿ ಬಿಟ್ಟರೆ ತುಕ್ಕು ಹಿಡಿಯುತ್ತದೆ ಎಂದು. ಅದಕ್ಕೆ ದುಡ್ಡು ಬೇಡವೆಂದರು. ಬೇಗ ಮುಗಿಸುವವರು ಬೇಕಾದರೆ ಅಲ್ಲಿಗೆ ಹೋಗಬೇಡಿ. ಕೈಯಲ್ಲಿ ಇನ್ನೊಂದು ಸೀಟು ಇದ್ದರೆ ಅದು ಮುಗಿಯುವವರೆಗೆ ನಿಮ್ಮದನ್ನು ಮುಟ್ಟುವುದಿಲ್ಲ. ಕೂರಲು ಒಂದು ಸ್ಟೂಲು ಬಿಟ್ಟರೆ ಬೇರೆ ಇಲ್ಲ, ಯುಪಿಐ ಇಲ್ಲ, ನಗದೇ ಕೊಡಬೇಕು. ಆದರೆ ಏನು ಅಂಟು ಎಂದು ಮೊದಲು ಮುಟ್ಟಿ ನೋಡಿ, ಆಮೇಲೆ ಸಾಮಾನು ಕೈಗೆ ತೆಗೆದುಕೊಂಡವರು ನನಗೆ ಸಿಕ್ಕಿದ್ದು ಇವರೊಬ್ಬರೇ.

ಕೊನೆಯ ಪರೀಕ್ಷೆ ನಮ್ಮ ಅತ್ತೆಯವರದು. ನಮ್ಮ ಮನೆಯಲ್ಲಿ ಹಿಟ್ಟು ಹಳಸಿದೆಯೋ ಇಲ್ಲವೋ ಎಂದು ಹೇಳುವವರು ಅವರೇ. ಎರಡು ರೊಟ್ಟಿಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಗಾಡಿಯೊಳಗೆ ಇಟ್ಟು, ಗಾಜು ಏರಿಸಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಅತ್ತೆಯವರಿಗೆ ಕೊಟ್ಟೆ. ಮೊದಲ ದಿನ "ನೆಗಡಿ ಎಣ್ಣಿ" ಎಂದರು. ಎರಡನೇ ದಿನ ಮೂಸಿ, ಮುರಿದು, ಇನ್ನೊಮ್ಮೆ ಮೂಸಿ, "ಸ್ವಲ್ಪ ಐತಿ" ಎಂದರು. ದಿನವೂ ಹಗಲು ಬಾಗಿಲು ತೆರೆದಿಟ್ಟೆ. ನಾಲ್ಕನೇ ದಿನ ಏನೂ ಹೇಳದೆ ಶೇಂಗಾ ಚಟ್ನಿ ಹಚ್ಚಿಕೊಂಡು ಎರಡೂ ರೊಟ್ಟಿ ತಿಂದರು. ಅವತ್ತೇ ಖಾನಾವಳಿಗೆ ಫೋನ್ ಮಾಡಿದೆ. ಹಳೇ ಆರ್ಡರ್ ಮತ್ತೆ ಶುರುವಾಯಿತು.

ಜಾತ್ರೆಗೆ ನಮ್ಮ ಓಣಿಯ ಎಲ್ಲ ರೊಟ್ಟಿ ಈ ಗಾಡಿಯಲ್ಲೇ ಗವಿಮಠಕ್ಕೆ ಹೋಯಿತು, ಎರಡು ಖೇಪು. ದಾಸೋಹದಲ್ಲಿ ಬುಟ್ಟಿ ಇಳಿಸಿಕೊಳ್ಳುವ ಹುಡುಗರು ಗಾಡಿಯೊಳಗೆ ಹತ್ತಿ, ತಗಡಿಗೆ ಕೈ ಊರಿ ಇಳಿದರು. ಯಾರ ಕೈಗೂ ಏನೂ ಹತ್ತಲಿಲ್ಲ.

ಇನ್ನೂ ಸ್ವಲ್ಪ ಬಾಕಿ ಇದೆ. ಹಿಂದಿನ ಬಾಗಿಲಿನ ಬೀಡಿಂಗ್ ಕೆಳಗೆ ಒಂದು ಗೇಣಿನಷ್ಟು ಗಮ್ ಗೆರೆ ಉಳಿದಿದೆ. ರಬ್ಬರಿಗೆ ನೀಲಗಿರಿ ತಾಗಬಾರದೆಂದು ಅಲ್ಲಿ ಶೇಂಗಾ ಎಣ್ಣೆ, ಸೋಡಾವನ್ನೇ ಹಲ್ಲುಜ್ಜುವ ಹಳೇ ಬ್ರಷ್ಷಿನಲ್ಲಿ ಹಚ್ಚುತ್ತಿದ್ದೇನೆ, ಭಾನುವಾರಕ್ಕೊಮ್ಮೆ. ಪ್ರೈಮರ್ ಹಚ್ಚಿದ ಜಾಗಕ್ಕೆ ಬಿಳಿ ಬಣ್ಣ ಇನ್ನೂ ಹೊಡೆಸಿಲ್ಲ. ಅದಕ್ಕೂ ಚಾಚಾ ಹೇಳಿದವರ ಹತ್ತಿರವೇ ಹೋಗುತ್ತೇನೆ.